ಹಂದಿಬೆನ್ನಿನ ಹಿಮಸೂರು

ಯೋರಿ ವಲೇರ್ ಮೊದಲು ಹಸುವನ್ನು ಅಗೆದು ತೆಗೆದ. ಆಮೇಲೆ ಲೂಟ್ಸಿಯ ತಮ್ಮನನ್ನು ತೆಗೆದ.

ಸಂಗತಿ ಇಷ್ಟೇ. ಆದರೆ ಐದು ಚಳಿಗಾಲ ಕಳೆದರೂ ಲೂಟ್ಸಿ ಗಾಡ್ಮರನ ತಲೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದು ಬಂದು ಕೂರಲಿಲ್ಲ. ಗಾಲ್ಟೆನ್ ಊರಿನ ಮೇಲುಗಡೆ ಕೊಟ್ಟಿಗೆಯನ್ನು ಹಿಮಕುಸಿತ ನುಂಗಿದ ದಿನ ಒಳಗೆ ಯೋರಿಯ ಕಂದು ಹಸು ಇತ್ತು. ಅದಕ್ಕೆ ಹುಲ್ಲು ಹಾಕಿ ಬರುತ್ತೇನೆಂದು ಉಪಕಾರಕ್ಕೆ ಹೋದ ಆ ತಮ್ಮ ಫ್ಲೂರಿಯೂ ಇದ್ದ. ಎಲ್ಲರಿಗಿಂತ ಮೊದಲು ಓಡಿ ಬಂದವನು ಯೋರಿ. ಹಿಮದ ಮೇಲೆ ಒಂದು ಕೊಂಬಿನ ತುದಿ ಕಂಡಿತು, ಅಲ್ಲೇ ಅಗೆದ. ಹಸು ಹೊರಗೆ ಬಂದು ಒಂದು ಸಲ ಸೀನಿತು, ಮಾರನೆಯ ಬೆಳಗ್ಗೆ ಎಂದಿನಷ್ಟೇ ಹಾಲು ಕೊಟ್ಟಿತು. ಫ್ಲೂರಿ ಸಿಕ್ಕಿದ್ದು ಅಲ್ಲಿಂದ ಎರಡು ಮಾರು ಆಚೆ. ತೆಗೆದಾಗ ಕೆನ್ನೆ ಇನ್ನೂ ಕೆಂಪಗೇ ಇತ್ತು. ಉಸಿರು ಮಾತ್ರ ಇರಲಿಲ್ಲ.

ಕೊಂಬು ಕಂಡ ಕಡೆ ಅಗೆದ, ಅವನದೇನು ತಪ್ಪು ಅಂತ ಊರು ಹೇಳಿತು. ಪಾದ್ರಿಯೂ ಅದನ್ನೇ ಹೇಳಿದರು. ಲೂಟ್ಸಿಯ ಅಕ್ಕ ಮೆಂಗಾ ಒಂದು ವರ್ಷ ಅತ್ತು, ಕಣ್ಣೊರೆಸಿಕೊಂಡು, ಕೊನೆಗೆ ಅವಳೂ ಅದನ್ನೇ ಹೇಳಿದಳು. ಲೂಟ್ಸಿ ಹೇಳಲಿಲ್ಲ. ಕೊಂಬು ಕಂಡಿತಂತೆ! ಕೊಂಬನ್ನು ಆಗಲೇ ಅಗೆಯದಿದ್ದರೆ ಅದು ಓಡಿಹೋಗುತ್ತಿತ್ತೆ?

ಆ ಹಸುವಾದರೂ ಸತ್ತಿದ್ದರೆ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತಿತ್ತೇನೋ. ಅದು ಸಾಯುವ ಲಕ್ಷಣವೇ ಕಾಣಲಿಲ್ಲ. ವರ್ಷಕ್ಕೊಂದು ಕರು ಹಾಕಿಕೊಂಡು, ಪಾದ್ರಿಯ ಹೆಂಡತಿಯ ಹಾಗೆ ದುಂಡಗಾಗುತ್ತ ಹೋಯಿತು. ಗಾಲ್ಟೆನ್‌ನಲ್ಲಿ ಎಲ್ಲರ ಮನೆ ಹಾಲೂ ಒಂದೇ ಕೊಪ್ಪರಿಗೆಗೆ ಬೀಳುತ್ತದೆ, ಒಂದೇ ಚೀಸು ಎಲ್ಲರ ಮನೆಗೂ ಬರುತ್ತದೆ. ಯಾವ ತುಂಡಿನಲ್ಲಿ ಆ ಹಸುವಿನ ಹಾಲಿದೆಯೋ ತಿಳಿಯುವಂತಿಲ್ಲ. ಲೂಟ್ಸಿ ಚೀಸನ್ನೇ ಬಿಟ್ಟ. ಆ ಎತ್ತರದಲ್ಲಿ ಚೀಸು ಬಿಟ್ಟು ಐದು ವರ್ಷ ಬದುಕಿದವನು ಕಣಿವೆಯ ಚರಿತ್ರೆಯಲ್ಲೇ ಇಲ್ಲ. ಕೆಳಗಿನೂರಿನ ಜನ ಅವನನ್ನು ನೋಡಲೆಂದೇ ಒಂದು ಭಾನುವಾರ ಮೇಲಕ್ಕೆ ಬಂದಿದ್ದರು.

"ಚೀಸು ಬಿಟ್ಟೆ, ಹಾಡೋದು ಬಿಟ್ಟೆ. ಉಸಿರಾಡೋದೊಂದು ಉಳಿದಿದೆ ನೋಡು," ಎಂದು ಮೆಂಗಾ ಗಂಜಿಯ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು. ಆಮೇಲೆ ದನಿ ತಗ್ಗಿಸಿ ಅಂದಳು: "ಸತ್ತೋನನ್ನ ದಿನಾ ಅಗೆದು ತೆಗೀಬೇಡ ಕಣೋ ಲೂಟ್ಸಿ. ಅವನಿಗೂ ಚಳಿ ಆಗುತ್ತೆ."

ಲೂಟ್ಸಿ ಗಂಜಿ ಕುಡಿದ. ಅಕ್ಕನಿಗೇನು, ಅವಳು ಹೆಂಗಸು, ಅತ್ತು ಮುಗಿಸಿದಳು. ಅವನು ಅಳಲಿಲ್ಲ, ಆದ್ದರಿಂದ ಮುಗಿಯಲಿಲ್ಲ.

ಈ ವರ್ಷ ಅದರ ಮೇಲೆ ಬಟ್ಟಲಿನ ವಿಚಾರ ಬೇರೆ ಬಂದು ಕೂತಿತು. ಕಣಿವೆಯ ಸ್ಕೀ ಓಟಕ್ಕೆ ಒಂದು ಬೆಳ್ಳಿ ಬಟ್ಟಲಿದೆ. ಘಟ್ಟದ ನೆತ್ತಿಯಿಂದ ಹೊರಟು ಇಗರ್ಜಿಯ ಬಾಗಿಲು ಮುಟ್ಟಬೇಕು, ನಡುವೆ ಬಿದ್ದರೂ ಎದ್ದರೂ ಕೇಳುವವರಿಲ್ಲ. ಗೆದ್ದವನ ಹೆಸರನ್ನು ಬಟ್ಟಲಿನ ಮೇಲೆ ಕೊರೆಯುತ್ತಾರೆ. ಅದರ ಮೇಲೆ ಫ್ಲೂರಿ ಗಾಡ್ಮರನ ಹೆಸರು ಎರಡು ಸಲ ಇದೆ. ಅವನು ಇಳಿದು ಬರುವುದನ್ನು ನೋಡಿದವರಿಗೆ ಗೊತ್ತು. ಹಿಂದಿನಿಂದ ಹೊರಟ ಅವನ ನೆರಳು ಇಗರ್ಜಿ ತಲುಪುವ ಹೊತ್ತಿಗೆ ಅವನು ಸಾರಾಯಿ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ಯೋರಿ ಎರಡು ಸಲ ಗೆದ್ದ. ಮೂರು ಸಲ ಗೆದ್ದವನಿಗೆ ಬಟ್ಟಲು ಮನೆಗೇ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅಂದರೆ ಬರುವ ಭಾನುವಾರ ಯೋರಿ ಗೆದ್ದರೆ ಫ್ಲೂರಿಯ ಹೆಸರು ಯೋರಿಯ ಮನೆಯ ಗೂಡಿನಲ್ಲಿ ಕೂರುತ್ತದೆ. ಯೋರಿ ಅದರಲ್ಲಿ ಕಾಫಿ ಕುಡಿಯುತ್ತಾನೆ, ಆ ಹಸುವಿನ ಹಾಲು ಹಾಕಿಕೊಂಡು.

ಆ ಭಾನುವಾರ ಬರಕೂಡದು ಎಂದು ಲೂಟ್ಸಿ ತೀರ್ಮಾನಿಸಿದ. ಭಾನುವಾರವನ್ನು ತಡೆಯಲಾಗದು. ಯೋರಿಯನ್ನು ತಡೆಯಬಹುದು.

ಉಪಾಯ ಹೊಸದೇನಲ್ಲ, ಅಕ್ಟೋಬರಿನಲ್ಲೇ ಹಾಕಿಟ್ಟದ್ದು. ಗಾಲ್ಟೆನ್ ಜನರ ಮುತ್ತಜ್ಜಂದಿರು ಪಶ್ಚಿಮದ ಘಟ್ಟ ದಾಟಿ ಈ ಕಣಿವೆಗೆ ಬಂದಾಗ ಕೆಳಗಿನ ಒಳ್ಳೆಯ ನೆಲವೆಲ್ಲ ಬೇರೆ ಭಾಷೆಯವರ ಪಾಲಾಗಿತ್ತು. ದೊರೆಗಳು ಯಾರಿಗೂ ಬೇಡವಾದ ಮೇಲಿನ ಜಾಗ ತೋರಿಸಿ, ಇಲ್ಲಿ ಬದುಕಿದರೆ ನಿಮ್ಮ ಮೇಲೆ ಯಾರೂ ಒಡೆಯರಿಲ್ಲ ಎಂದರು. ಬದುಕಲಾರರು ಎಂಬ ಭರವಸೆಯ ಮೇಲೆ ಕೊಟ್ಟ ಮಾತು ಅದು. ಇವರು ಬದುಕಿಬಿಟ್ಟರು. ಅಲ್ಲಿನ ಚಳಿಗೆ ಹುಂಜ ಕೂಗಲು ಬಾಯಿ ತೆರೆದರೆ ಮುಚ್ಚಲು ಮಧ್ಯಾಹ್ನದ ಬಿಸಿಲು ಬರಬೇಕು. ಹಾಗಿರುವಾಗ ಹಿಮವನ್ನು ಓದಲು ಬಾರದವನು ಆ ಊರಿನಲ್ಲಿ ಮುದುಕನಾಗುವುದಿಲ್ಲ. ಲೂಟ್ಸಿ ಉಳಿದವರಿಗಿಂತ ಚೆನ್ನಾಗಿ ಓದಬಲ್ಲವನಾಗಿದ್ದ. ಇಂಗ್ಲಿಷ್ ಪ್ರವಾಸಿಗಳಿಗಾಗಿ ಹೋಟೆಲು ಕಟ್ಟಿದಾಗ, ಕಟ್ಟಡ ಎಲ್ಲಿರಬೇಕೆಂದು ತೋರಿಸಿಕೊಟ್ಟವನೂ ಅವನೇ.

ಊರಿನ ಬೆನ್ನಿಗೆ ಹಂದಿಬೆನ್ನು ಎಂಬ ಚೂಪು ಬೆಟ್ಟದ ಏಣು ಇದೆ. ಅದರ ಒಂದು ಮಗ್ಗುಲಲ್ಲಿ ಕೆಂಪು ಕೊರಕಲು, ಇನ್ನೊಂದು ಮಗ್ಗುಲಲ್ಲಿ ಗಾಡ್ಮರರ ಹುಲ್ಲುಗಾವಲು. ಚಳಿಗಾಲವಿಡೀ ಗಾಳಿ ಹುಲ್ಲುಗಾವಲಿನ ಕಡೆಯಿಂದ ಬೀಸಿ, ಹಿಮವನ್ನು ಏಣಿನ ಮೇಲೆ ಹೊತ್ತು, ಕೊರಕಲಿನ ಮೇಲೆ ಚಾಚಿದ ಸೂರಿನಂತೆ ಕಟ್ಟುತ್ತದೆ. ಫೆಬ್ರವರಿಯ ಹೊತ್ತಿಗೆ ಆ ಹಿಮಸೂರಿನ ಅಡಿಯಲ್ಲಿ ಇಡೀ ಊರು ನಿಂತು ಮಳೆಯಿಂದ ತಪ್ಪಿಸಿಕೊಳ್ಳಬಹುದು, ಬುದ್ಧಿ ಇಲ್ಲದಿದ್ದರೆ.

ಯೋರಿ ದಿನಾ ಮಧ್ಯಾಹ್ನ ಆ ಕೊರಕಲಿನಲ್ಲೇ ಸ್ಕೀ ಅಭ್ಯಾಸ ಮಾಡುತ್ತಿದ್ದ. ಓಟದ ದಾರಿಯೇ ಅದು.

ಅಕ್ಟೋಬರಿನಲ್ಲಿ, ಏಣು ಇನ್ನೂ ಬರೀ ಕಲ್ಲೂ ಹುಲ್ಲೂ ಆಗಿದ್ದಾಗ, ಲೂಟ್ಸಿ ಹುಲ್ಲಿನ ಹೊರೆ ಕಟ್ಟುವ ಹಗ್ಗವೊಂದನ್ನು ತೆಗೆದುಕೊಂಡು ಗೇಣಿಗೊಂದು ಗಂಟು ಹಾಕಿದ. ಸೂರು ಎಲ್ಲಿ ಬೇರು ಬಿಡುತ್ತದೋ ಆ ಅಂಚಿನ ಉದ್ದಕ್ಕೂ ಅದನ್ನು ಹಾಸಿದ. ಆಚೆ ತುದಿಯನ್ನು ಒಂದು ಬಂಡೆಯ ಮೂಗಿಗೆ ಹಳೆಯ ತೊಗಲಿನ ಪಟ್ಟಿಯಿಂದ ಬಿಗಿದ. ಆ ಪಟ್ಟಿ ಕೆಲಸ ಮುಗಿಯುವವರೆಗೆ ಹಿಡಿದಿದ್ದು ಕೊನೆಯ ಎಳೆತಕ್ಕೆ ಕಿತ್ತುಹೋಗಬೇಕು. ಈಚೆ ತುದಿಯನ್ನು ಎಣ್ಣೆ ಹಚ್ಚಿದ ಗೋಣಿಯಲ್ಲಿ ಸುತ್ತಿ, ಹುಲ್ಲುಗಾವಲಿನ ಕಡೆಗೆ ತಂದು ಒಂದು ಗೂಟಕ್ಕೆ ಕಟ್ಟಿ ಮನೆಗೆ ಹೋದ. ಮಿಕ್ಕ ಕೆಲಸ ಗಾಳಿಯದು. ಹಿಟ್ಟಿನೊಳಗೆ ದ್ರಾಕ್ಷಿ ಹೂತುಕೊಂಡಂತೆ ಹಗ್ಗ ಸೂರಿನ ಬುಡದಲ್ಲಿ ಹೂತುಕೊಂಡಿತು. ಬೇರೆಯವರು ಬೋನು ಕಟ್ಟಲು ಬೆವರು ಸುರಿಸುತ್ತಾರೆ. ಲೂಟ್ಸಿಯ ಬೋನನ್ನು ಆಲ್ಪ್ಸ್ ಪರ್ವತವೇ ಪುಕ್ಕಟೆಯಾಗಿ ಕಟ್ಟಿಕೊಟ್ಟಿತು.

ಎಳೆಯುವುದಕ್ಕೆ ಜಾರುಬಂಡಿ. ಹುಲ್ಲುಗಾವಲಿನಲ್ಲಿ ಬೇಸಿಗೆಯಲ್ಲಿ ಕೊಯ್ದ ಹುಲ್ಲಿನ ಬಣವೆ ನಿಂತಿರುತ್ತದೆ. ಚಳಿಗಾಲದಲ್ಲಿ ಅದನ್ನು ಜಾರುಬಂಡಿಯ ಮೇಲೆ ಹೇರಿ ಮನೆಗೆ ಇಳಿಸುವುದು ಗಾಡ್ಮರರ ಅಜ್ಜನ ಕಾಲದಿಂದ ನಡೆದುಬಂದದ್ದು. ಒಳಗೆ ಕಲ್ಲು, ಹೊರಗೆ ಹುಲ್ಲು ಹೇರಿದ ಬಂಡಿಯನ್ನು ಹಗ್ಗಕ್ಕೆ ಕಟ್ಟಿ ಹಿಂದಿನ ಇಳಿಜಾರಿಗೆ ನೂಕಿದರೆ ಸಾಕು. ಹಗ್ಗ ಬಿಗಿಯುತ್ತದೆ, ತಂತಿ ಚೀಸನ್ನು ಕೊಯ್ಯುವಂತೆ ಸೂರಿನ ಬುಡವನ್ನು ಕೊಯ್ಯುತ್ತದೆ, ಪಟ್ಟಿ ಕೀಳುತ್ತದೆ, ಹಗ್ಗ ಬಾಲದಂತೆ ಬಂಡಿಯ ಹಿಂದೆ ಓಡಿಬರುತ್ತದೆ. ಕೆಳಗೆ ತಗ್ಗಿನಲ್ಲಿ ಬಂಡಿ ನಿಲ್ಲುತ್ತದೆ. ಕಲ್ಲು ಹೊಳೆಗೆ, ಹುಲ್ಲು ಮನೆಗೆ. ಬಣವೆಯಿಂದ ಏಣಿನವರೆಗಿನ ಹೆಜ್ಜೆಗಳನ್ನು ರಾತ್ರಿ ಬೀಳುವ ಹಿಮ ಮುಚ್ಚುತ್ತದೆ. ಆಕಾಶ ನೋಡಿ ಲೂಟ್ಸಿ ಅದನ್ನೂ ಖಾತ್ರಿ ಮಾಡಿಕೊಂಡಿದ್ದ.

ಎಲ್ಲಕ್ಕಿಂತ ಚೆಂದದ ಭಾಗವನ್ನು ಅವನು ಹಾಸಿಗೆಯಲ್ಲಿ ಮಲಗಿ ಮತ್ತೆ ಮತ್ತೆ ಮೆಲುಕು ಹಾಕುತ್ತಿದ್ದ. ಹಿಮದಡಿ ಸಿಕ್ಕವರನ್ನು ಹುಡುಕುವ ತಂಡಕ್ಕೆ ಯೋರಿ ಮುಖ್ಯಸ್ಥ. ಅವನಿಲ್ಲದಾಗ ಲೂಟ್ಸಿ. ತಮ್ಮನನ್ನು ಕಳೆದುಕೊಂಡ ಪಾಪದವನೆಂದು ಊರೇ ಸೇರಿ ಕೊಟ್ಟ ಪದವಿ ಅದು. ಉದ್ದನೆಯ ಚುಚ್ಚುಗೋಲು ಹಿಡಿದ ಗಂಡಸರು ಸಾಲಾಗಿ ನಿಂತು, ಹೆಜ್ಜೆಗೊಂದು ಸಲ ಹಿಮಕ್ಕೆ ಚುಚ್ಚಿ ನೋಡುತ್ತ ಮುಂದೆ ಹೋಗಬೇಕು. ಸಾಲು ಎಲ್ಲಿಂದ ಶುರುವಾಗಬೇಕೆಂದು ಹೇಳುವವನು ಮುಖ್ಯಸ್ಥ. ಕೊರಕಲಿನಲ್ಲಿ ಇಳಿದದ್ದೆಲ್ಲ ಕೊನೆಗೆ ಎಡಕ್ಕೆ, ಹೊಳೆಯ ಕಡೆಗೆ ಹೋಗಿ ಬೀಳುತ್ತದೆ ಎಂದು ಸತ್ತ ಕಾಡುಮೇಕೆಗಳನ್ನು ನೋಡಿ ಲೂಟ್ಸಿಗೆ ಗೊತ್ತಿತ್ತು. ಅವನು ಸಾಲನ್ನು ಬಲಗಡೆಯಿಂದ ಶುರುಮಾಡಿಸುತ್ತಾನೆ. ನಿಧಾನಕ್ಕೆ, ಶಿಸ್ತಿನಿಂದ, ಒಂದು ಅಂಗೈ ಜಾಗವನ್ನೂ ಬಿಡದೆ. ಯಾರೂ ತಪ್ಪು ಹೇಳುವಂತಿಲ್ಲ. ತನಗೆ ಕಂಡ ಕಡೆ ಹುಡುಕಿದ, ಅವನದೇನು ತಪ್ಪು ಅಂತ ಪಾದ್ರಿ ಹೇಳುತ್ತಾರೆ. ಯೋರಿ ಸಿಕ್ಕಾಗ ಅವನ ಕೆನ್ನೆಯೂ ಕೆಂಪಗೇ ಇರುತ್ತದೆ.

ಗುರುವಾರ ಸಂಜೆ ಹೋಟೆಲಿನ ಹಿಂದಿನ ಕೋಣೆಯಲ್ಲಿ ಓಟದ ಬಗ್ಗೆ ಮಾತಾಡಲು ಊರ ಗಂಡಸರು ಸೇರಿದ್ದರು. ಯೋರಿ ಬಂದವನೇ ಲೂಟ್ಸಿಯ ಬೆನ್ನು ತಟ್ಟಿ ಪಕ್ಕದಲ್ಲಿ ಕೂತ. ಅಗಲ ಮುಖ, ಬಿಸಿಲಿಗೆ ಸುಟ್ಟ ಮೂಗು, ಒಂದು ಮಾತಿಗೆ ಮೂರು ಸಲ ನಗುವ ಅಭ್ಯಾಸ. ಐದು ವರ್ಷದಿಂದ ಅವನು ಲೂಟ್ಸಿಯ ಜೊತೆ ಹೀಗೇ ಇದ್ದ, ಒದ್ದರೂ ಬಾಲ ಅಲ್ಲಾಡಿಸುವ ನಾಯಿಯಂತೆ. ಲೂಟ್ಸಿಗೆ ಅದೇ ಹೆಚ್ಚು ಉರಿಯುತ್ತಿದ್ದದ್ದು. ಶತ್ರುವಾದವನು ಶತ್ರುವಿನಂತೆ ಇರಲೂ ಬಾರದೆ?

"ಭಾನುವಾರ ಗಡಿಯಾರ ನೀನೇ ಹಿಡ್ಕೋಬೇಕು ಮಾರಾಯ," ಎಂದ ಯೋರಿ. "ನಿನ್ ಕೈಯಲ್ಲಿದ್ರೆ ಅದೂ ಸುಳ್ಳು ಹೇಳಲ್ಲ."

"ಮೊದ್ಲು ನೀನು ಕೆಳಗೆ ಬಂದು ಮುಟ್ಟು. ಆಮೇಲೆ ನೋಡೋಣ."

ಎಲ್ಲರೂ ನಕ್ಕರು. ಲೂಟ್ಸಿಯೂ ನಕ್ಕ. ಐದು ವರ್ಷದಲ್ಲಿ ಅವನು ನಕ್ಕದ್ದು ಅದೇ ಮೊದಲು; ಇಗರ್ಜಿಯ ಗಂಟೆಯಾಳು ಯೋಸ್, ಈ ಸಂತೋಷಕ್ಕೆ ಇನ್ನೊಂದು ಸುತ್ತು ಸಾರಾಯಿ ಆಗಲಿ ಎಂದು ಎಲ್ಲರ ಲೋಟ ತುಂಬಿಸಿದ. ಮುದುಕ ಯೋಸ್‌ಗೆ ಸಂತೋಷ ಪಡಲು ಕಾರಣ ಬೇಕಿರಲಿಲ್ಲ, ಲೋಟ ಮಾತ್ರ ಬೇಕಿತ್ತು.

ಮಾರನೆಯ ದಿನ, ಶುಕ್ರವಾರ, ಲೂಟ್ಸಿ ಎದ್ದಾಗ ಆಕಾಶ ತೊಳೆದ ತಟ್ಟೆಯಂತಿತ್ತು. ಪಶ್ಚಿಮದ ಮೂಲೆಯಲ್ಲಿ ಮಾತ್ರ ಬೆಕ್ಕಿನ ಮೀಸೆಯಷ್ಟು ಮೋಡ. ರಾತ್ರಿ ಹಿಮ ಖಂಡಿತ. ಹುಲ್ಲು ತರುತ್ತೇನೆಂದು ಮೆಂಗಾಳಿಗೆ ಹೇಳಿದ. ಹೇಗೂ ಹೋಗ್ತೀಯ, ಒಳ್ಳೆ ಕಡೆಯ ಹುಲ್ಲು ತಾ, ಹೋದ ಸಲದ್ದನ್ನು ಆಡುಗಳು ಮೂಸಿ ಬಿಟ್ಟವು ಎಂದಳು ಅವಳು. ಚುಚ್ಚುಗೋಲನ್ನು ಬಾಗಿಲ ಹಿಂದೆ ಕೈಗೆ ಸಿಗುವಂತೆ ಒರಗಿಸಿಟ್ಟು, ಜಾರುಬಂಡಿ ಎಳೆದುಕೊಂಡು ಎಲ್ಲರ ಕಣ್ಣೆದುರಿಗೇ ಬೀದಿಯಲ್ಲಿ ಹೋದ. ಹೋಟೆಲಿನ ಜಗುಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಇಂಗ್ಲಿಷ್ ಹೆಂಗಸೊಬ್ಬಳು ಅವನ ಚಿತ್ರ ತೆಗೆದಳು. ತೆಗೆಯಲಿ. ಬಂಡಿ ಎಳೆಯುವ ರೈತನ ಚಿತ್ರದಲ್ಲಿ ಏನಿದೆ?

ಬಣವೆಯ ಹತ್ತಿರ ಕಲ್ಲು ತುಂಬಿದ, ಮೇಲೆ ಹುಲ್ಲು ಬಿಗಿದ. ಆಡುಗಳಿಗೆ ಒಳ್ಳೆ ಕಡೆಯದನ್ನೇ ಆರಿಸಿದ. ಬಂಡಿಯನ್ನು ಇಳಿಜಾರಿನ ತುಟಿಗೆ ತಂದು, ಮುಂದೆ ಒಂದು ಮರದ ತುಂಡು ಅಡ್ಡ ಕೊಟ್ಟು, ಹಗ್ಗ ಕಟ್ಟಿ, ಹೊಟ್ಟೆಯ ಮೇಲೆ ತೆವಳುತ್ತ ಏಣಿನ ಹತ್ತಿರ ಹೋದ. ಅಲ್ಲಿಂದ ಘಟ್ಟದ ನೆತ್ತಿಯ ಗುಡಿಸಲು ಕಾಣುತ್ತದೆ. ಹತ್ತಿಬಂದ ಸ್ಕೀಗಾರರಿಗೆ ಒಬ್ಬ ಮುದುಕಿ ಅಲ್ಲಿ ಚಹಾ ಮಾಡಿಕೊಡುತ್ತಾಳೆ. ಗುಡಿಸಲಿನಿಂದ ಹೊರಟವನು ಒಂದು ದೊಡ್ಡ ಬಂಡೆಯವರೆಗೆ ಕಣ್ಣಿಗೆ ಕಾಣುತ್ತಾನೆ, ಅದರ ಮರೆಗೆ ಹೋದ ಮೇಲೆ ಕೊರಕಲು. ಏಣಿನಿಂದ ಅದು ಕಾಣುವುದಿಲ್ಲ, ಸೂರೇ ಮರೆಮಾಡುತ್ತದೆ.

ಕಾಣಬೇಕಾಗಿಯೂ ಇರಲಿಲ್ಲ. ಲೂಟ್ಸಿ ಡಿಸೆಂಬರಿನಲ್ಲಿ ತಾನೇ ಆ ದಾರಿಯಲ್ಲಿ ಇಳಿದು ನೋಡಿದ್ದ. ಗಡಿಯಾರ ತೆಗೆದರೆ ಕೈ ಮರಗಟ್ಟುತ್ತದೆಂದು ಬಾಯಲ್ಲಿ ಪ್ರಾರ್ಥನೆ ಹೇಳಿಕೊಂಡು ಇಳಿದಿದ್ದ, ಇಗರ್ಜಿಯಲ್ಲಿ ಹೇಳುವಷ್ಟೇ ವೇಗದಲ್ಲಿ. ಪರಲೋಕದ ತಂದೆಯನ್ನು ಕರೆಯುವಾಗ ಬಂಡೆ. ಅನುದಿನದ ಆಹಾರ ಕೇಳುವಾಗ ಕೊರಕಲಿನ ಬಾಯಿ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ಎನ್ನುವ ಸಾಲಿಗೆ ಸರಿಯಾಗಿ ಕೊರಕಲಿನ ನಟ್ಟನಡು. ಯೋರಿ ತನಗಿಂತ ವೇಗದವನು, ಆದ್ದರಿಂದ ಒಂದು ಉಸಿರು ಮುಂಚೆ. ದೇವರು ಈ ಪ್ರಾರ್ಥನೆಯನ್ನು ಇಷ್ಟು ಹದವಾದ ಉದ್ದಕ್ಕೆ ಮಾಡಿದ್ದು ಸುಮ್ಮನೆ ಅಲ್ಲ ಅನಿಸಿತ್ತು ಅವನಿಗೆ. ಆ ಹೊತ್ತಿನಲ್ಲಿ ಕೆಳಗಿನ ರಸ್ತೆಯಲ್ಲಿ ಯಾರೂ ಇರುವುದಿಲ್ಲ ಎಂಬುದನ್ನೂ ಒಂದು ತಿಂಗಳು ಕೂತು ನೋಡಿದ್ದ: ಕುದುರೆಗಳು ಲಾಯದಲ್ಲಿ, ಪ್ರವಾಸಿಗಳು ಕೇಕಿನ ಮುಂದೆ. ಸಂಬಂಧವಿಲ್ಲದವರ ಕೂದಲೂ ಕೊಂಕಬಾರದು. ತಾನೇನು ಕೊಲೆಗಾರನೇ?

ಸೂರ್ಯ ಎದುರಿನ ಶಿಖರವನ್ನು ದಾಟಿದಾಗ ಗುಡಿಸಲಿನ ಬಾಗಿಲು ತೆರೆಯಿತು. ಯೋರಿ ಹೊರಗೆ ಬಂದು, ಟೋಪಿ ಬೀಸಿ ಮುದುಕಿಗೆ ಏನೋ ಹೇಳಿ, ಸ್ಕೀ ಬಿಗಿದು, ಎರಡು ಸಲ ಮೊಣಕಾಲು ಕುಣಿಸಿ ಹೊರಟ. ಹಿಮದ ಮೇಲೆ ಕತ್ತರಿ ಓಡಿದಂತೆ ಸದ್ದು. ಲೂಟ್ಸಿ ತೆವಳಿಕೊಂಡು ಬಂಡಿಯ ಹತ್ತಿರ ಬಂದು ತಲೆಯೆತ್ತಿ ನೋಡಿದ. ಕರೀ ಚುಕ್ಕೆ ಬಂಡೆಯ ಮರೆಗೆ ಸರಿಯಿತು.

ಅವನು ಪ್ರಾರ್ಥನೆ ಶುರುಮಾಡಿದ. ಬೇಗವಲ್ಲ, ನಿಧಾನವಲ್ಲ. ಆ ಕ್ಷಮೆಯ ಸಾಲು ಬರುವ ಒಂದು ಉಸಿರಿನ ಮುಂಚೆ ಮರದ ತುಂಡನ್ನು ಒದ್ದ.

ಬಂಡಿ ಹೋಯಿತು. ಹಗ್ಗ ಹಿಮದೊಳಗಿಂದ ಹಾವಿನಂತೆ ಎದ್ದು ಬಿಗಿಯಿತು, ಗಂಟುಗಳು ಕರಕರ ಕೊಯ್ದವು, ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಏಣು ಒಂದು ಆಳವಾದ ನಿಟ್ಟುಸಿರು ಬಿಟ್ಟಿತು. ಇಗರ್ಜಿಯಷ್ಟು ಉದ್ದದ ಆಕಾಶ ಇದ್ದಕ್ಕಿದ್ದಂತೆ ಖಾಲಿ ಕಂಡಿತು, ಅಲ್ಲಿದ್ದ ಸೂರು ಇರಲಿಲ್ಲ. ಕೆಳಗಿನಿಂದ ಬಂದ ಗುಡುಗು ಅವನ ಹಲ್ಲುಗಳನ್ನೂ ಹೊಟ್ಟೆಯನ್ನೂ ನಡುಗಿಸಿತು. ಬಿಳಿ ಹೊಗೆ ಏಣಿನ ಮೇಲೆ ಎದ್ದು ನಿಂತಿತು. ಪಟ್ಟಿ ಕಿತ್ತು ಹಗ್ಗ ಅವನ ಪಕ್ಕದಲ್ಲೇ ಸರ್ರನೆ ಓಡಿಹೋಯಿತು, ಎಲ್ಲ ಅಂದುಕೊಂಡ ಹಾಗೇ.

"ಹಸು ಇಲ್ಲ ಈ ಸಲ, ಫ್ಲೂರಿ," ಎಂದ ಲೂಟ್ಸಿ ಮೆಲ್ಲಗೆ.

ಮನೆ ಸೇರಿದಾಗ ಮೆಂಗಾ ಹುಲ್ಲು ಮೂಸಿ ನೋಡಿ ಪರವಾಗಿಲ್ಲ ಎಂದಳು. ಗುಡುಗು ಕೇಳಿಸಿತಾ ಎಂದು ಅವನೇ ಕೇಳಿದ. ಕೇಳಿಸಿತು, ಹಂದಿಬೆನ್ನಿನ ಕಡೆಯಿಂದ ಇರಬೇಕು, ಬಿಸಿಲು ಜಾಸ್ತಿ ಇತ್ತಲ್ಲ ಎಂದು ಅವಳು ಸೂಪು ಬಡಿಸಿದಳು. ಅವನು ಕೂತ. ಹಸಿವಾಗಿತ್ತು. ಬಾರ್ಲಿಯ ಸೂಪಿನಲ್ಲಿ ಹಂದಿಮಾಂಸದ ತುಂಡುಗಳು ತೇಲುತ್ತಿದ್ದವು. ಐದು ವರ್ಷದಲ್ಲಿ ಮೊದಲ ಸಲ ನಾಲಗೆಗೆ ರುಚಿ ಹತ್ತಿತು. ಇನ್ನು ಚೀಸೂ ತಿನ್ನಬಹುದೇನೋ. ಸಂಜೆ ಸಾರಾಯಿಗೆ ಬಾರದ ಯೋರಿಯನ್ನು ಹೋಟೆಲಿನವರು ಹುಡುಕಲು ಶುರುಮಾಡುತ್ತಾರೆ, ಆಮೇಲೆ ಇಗರ್ಜಿಯ ದೊಡ್ಡ ಗಂಟೆ ಬಡಿಯುತ್ತದೆ. ಅಲ್ಲಿಯವರೆಗೆ ನಿಧಾನವಾಗಿ ಉಣ್ಣುವುದು. ಬಾಯಿ ಸೂಪಿನ ಮೇಲಿದ್ದರೂ ಕಿವಿ ಮಾತ್ರ ಇಗರ್ಜಿಯ ಗೋಪುರದಲ್ಲೇ ಇತ್ತು.

ಎರಡನೆಯ ಚಮಚ ಬಾಯಿಗೆ ಹೋಗುವ ಮುಂಚೆಯೇ ಗಂಟೆ ಬಡಿಯಿತು.

ಇಷ್ಟು ಬೇಗ! ಯಾರೋ ಬಿಳಿ ಹೊಗೆ ನೋಡಿರಬೇಕು, ಯೋರಿ ಅಲ್ಲಿದ್ದಾನೆಂದು ನೆನಪಾಗಿರಬೇಕು. ಬೇಗವಾದರೇನು, ಸಾಲು ಬಲಗಡೆಯಿಂದಲೇ ಶುರುವಾಗುವುದು. ಲೂಟ್ಸಿ ಚಮಚ ಬಿಸಾಡಿ ಎದ್ದ. ಮುಖದ ಮೇಲೆ ಗಾಬರಿ ತಂದುಕೊಂಡ, ಅದನ್ನೂ ಅಭ್ಯಾಸ ಮಾಡಿದ್ದ. ಮೆಂಗಾ ಆಗಲೇ ಶಾಲು ಹೊದ್ದು ಸಾಮಾನಿಟ್ಟ ಮೂಲೆಯ ಕಡೆಗೆ ಹೊರಟಿದ್ದಳು. ಅವನು ಬಾಗಿಲ ಹಿಂದಿನ ಚುಚ್ಚುಗೋಲನ್ನು ಹೆಗಲಿಗೇರಿಸಿದ.

"ಅದ್ಯಾಕೋ..." ಎಂದಳು ಅಕ್ಕ ಹಿಂದಿನಿಂದ. ಅವನು ಅಷ್ಟರಲ್ಲಿ ಬೀದಿ ದಾಟಿದ್ದ.

ರಸ್ತೆಯ ತಿರುವಿನಲ್ಲಿ ಹಿಮದ ಗೋಡೆ ಬಿದ್ದಿತ್ತು, ಲಾಯದ ಮಾಡಿನಷ್ಟು ಎತ್ತರ. ಊರಿನ ಅರ್ಧ ಜನ ಆಗಲೇ ಅಲ್ಲಿದ್ದರು. ಯಾರೋ ನಗುತ್ತಿದ್ದರು, ಒಂದು ಬಾಟಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಎಂಥ ಕಲ್ಲೆದೆಯವರು, ಒಬ್ಬ ಮನುಷ್ಯ ಅಡಿಯಲ್ಲಿ ಬಿದ್ದಿರುವಾಗ ನಗು ಬರುತ್ತದಲ್ಲ ಎಂದು ಲೂಟ್ಸಿಗೆ ನಿಜವಾಗಿ ಸಿಟ್ಟು ಬಂತು. ಸಾಲಾಗಿ ನಿಲ್ಲಿ, ಬಲಗಡೆಯಿಂದ ಎಂದು ಹೇಳಲು ಬಾಯಿ ತೆರೆದ.

ಹಿಮದ ಗೋಡೆಯ ಮೇಲೆ, ಅಂಗಿಯ ತೋಳು ಮಡಚಿ, ಯೋರಿ ವಲೇರ್ ನಿಂತಿದ್ದ.

ಲೂಟ್ಸಿಯ ಬಾಯಿ ತೆರೆದಂತೆಯೇ ಉಳಿಯಿತು, ಆ ಊರಿನ ಹುಂಜದ ಹಾಗೆ. ಗಂಟೆಯಾಳು ಯೋಸ್ ಅವನ ತೋಳು ಹಿಡಿದು, ಆಗಲೇ ನಾಲ್ಕು ಸಲ ಹೇಳಿದ್ದನ್ನು ಐದನೆಯ ಸಲ ಹೇಳಿದ: "ನಮ್ಮ ಸರದಾರನ ಪ್ರಾಣ ಉಳಿಸಿದ್ದು ಯಾರು ಗೊತ್ತೇನಪ್ಪ? ಗುಡಿಸಲಿನ ಮುದುಕಿ. ಮೂರು ಲೋಟ ಚಹಾ ಕುಡಿಸಿ ಕಳಿಸಿದ್ಲಂತೆ. ಇವನು ಬಂಡೆ ಹಿಂದೆ ನಿಂತು ಉಚ್ಚೆ ಹೊಯ್ತಿದ್ದ, ಮುಂದೆ ಕೊರಕಲಿನ ಹಿಮ ಪೂರ್ತಿ ಇಳಿದುಹೋಯ್ತು. ಗುಂಡಿ ಹಾಕಿಕೊಳ್ಳೋದನ್ನೂ ಮರೆತು ಬಂದಿದಾನೆ ನೋಡು."

ಮತ್ತೆ ನಗು. ಲೂಟ್ಸಿಯೂ ನಕ್ಕ. ದೇವರು ದೊಡ್ಡವನು ಎಂದ. ಒಳಗೆ ಮಾತ್ರ ಆಗಲೇ ಲೆಕ್ಕ ಮತ್ತೆ ಶುರುವಾಗಿತ್ತು. ಮೂರು ಲೋಟ ಚಹಾಕ್ಕೆ ಯಾರೇನು ಮಾಡಲಾದೀತು? ಬೋನಿನಲ್ಲಿ ದೋಷವಿರಲಿಲ್ಲ. ಬಂಡಿ ಮನೆಯಲ್ಲಿದೆ, ಕಲ್ಲು ಹೊಳೆಯಲ್ಲಿದೆ, ಹಗ್ಗ ಅಟ್ಟದಲ್ಲಿದೆ. ಹಿಮ ತಾನಾಗಿ ಬಿತ್ತು ಎಂದು ಊರೇ ನಂಬಿದೆ. ಬಟ್ಟಲು ಹೋದರೆ ಹೋಗಲಿ, ಬರುವ ಅಕ್ಟೋಬರಿನಲ್ಲಿ ಏಣು ಮತ್ತೆ ಬರಿದಾಗುತ್ತದೆ, ಗಾಳಿ ಮತ್ತೆ ಬೀಸುತ್ತದೆ. ಐದು ವರ್ಷ ಕಾದವನಿಗೆ ಆರನೆಯದು ಭಾರವೇ? ಹೀಗೆ ಅಂದುಕೊಂಡು ಅವನು ಯೋಸ್ ಚಾಚಿದ ಬಾಟಲಿಗೆ ಕೈಯೊಡ್ಡಿದ.

ಯೋಸ್ ಬಾಟಲಿ ಕೊಡಲಿಲ್ಲ. ಮುದುಕ ಲೂಟ್ಸಿಯ ಹೆಗಲನ್ನೇ ನೋಡುತ್ತಿದ್ದ. ನಗು ಒಂದೊಂದೇ ಬಾಯಲ್ಲಿ ಆರಿತು, ಕಣ್ಣುಗಳು ಒಂದೊಂದಾಗಿ ಅದೇ ಕಡೆಗೆ ತಿರುಗಿದವು. ಗಾಲ್ಟೆನ್‌ನಲ್ಲಿ ತೊಟ್ಟಿಲಿನ ಕೂಸಿಗೂ ಗೊತ್ತಿರುವ ವಿಷಯ ಅದು: ಹಿಮದಡಿ ಮನುಷ್ಯನಿದ್ದರೆ ದೊಡ್ಡ ಗಂಟೆ ತಡೆತಡೆದು ಬಡಿಯುತ್ತದೆ, ಚುಚ್ಚುಗೋಲು ತರಬೇಕು; ಅಡಿಯಲ್ಲಿ ಯಾರೂ ಇಲ್ಲ, ಬರೀ ದಾರಿ ಕಟ್ಟಿದೆ ಎಂದರೆ ಸಣ್ಣ ಗಂಟೆ ಒಂದೇ ಸಮನೆ ಬಡಿಯುತ್ತದೆ, ಸಲಿಕೆ ತರಬೇಕು. ಯೋರಿಯ ಮಾತು ಕೇಳಿ ಯೋಸ್ ಬಾರಿಸಿದ್ದು ಸಣ್ಣ ಗಂಟೆ. ಗಂಟೆ ಬಡಿಯಲಿ ಎಂದು ಕಿವಿ ತೆರೆದು ಕಾದಿದ್ದ ಲೂಟ್ಸಿ, ಬಡಿದದ್ದು ಯಾವ ಗಂಟೆ ಎಂದು ಕೇಳಿಸಿಕೊಂಡಿರಲೇ ಇಲ್ಲ. ಇಡೀ ಊರು ಸಲಿಕೆ ಹಿಡಿದು ನಿಂತಿತ್ತು. ಏದುಸಿರು ಬಿಡುತ್ತ ಆಗ ತಾನೇ ಬಂದ ಮೆಂಗಾಳ ಕೈಯಲ್ಲಿ ಎರಡು ಸಲಿಕೆಗಳಿದ್ದವು, ಒಂದು ತನಗೆ, ಒಂದು ತಮ್ಮನಿಗೆ. ಯೋರಿ ಹಿಮದ ಗೋಡೆಯಿಂದ ಇಳಿದು ಬಂದ. ತಲೆಯೆತ್ತಿ ಹಂದಿಬೆನ್ನನ್ನು ಬಹಳ ಹೊತ್ತು ನೋಡಿದ. ಹಿಮ ಬೀಳಲು ಇನ್ನೂ ಹೊತ್ತಿತ್ತು, ಹುಲ್ಲುಗಾವಲಿನ ಮೇಲೆ ಹೆಜ್ಜೆ ಕಾಣುವಷ್ಟು ಬೆಳಕಿತ್ತು. ಆಮೇಲೆ ಲೂಟ್ಸಿಯ ಹೆಗಲ ಮೇಲಿನ ಚುಚ್ಚುಗೋಲನ್ನು ಒಂದು ಬೆರಳಿನಿಂದ ಮುಟ್ಟಿ, ಜೀವನದಲ್ಲಿ ಮೊದಲ ಸಲ ನಗದೆ, ಕೇಳಿದ: "ಯಾರನ್ನ ಹುಡುಕೋಕೆ ಬಂದೆ, ಲೂಟ್ಸಿ?"